ಮಗ್ಗ ತುಳಿದ ಕಾಲು

ಮಸ್ಕತ್ತಿನ ಫುಟ್‌ಬಾಲ್ ಕ್ಲಬ್ಬಿಗೆ ನಾನು ಮ್ಯಾನೇಜರ್ ಆದ ಮೇಲೆ, ಬಲಗಾಲು ಬಿಟ್ಟು ಇನ್ನೊಂದನ್ನು ಬಳಸಲೊಲ್ಲದ ಹೆಸರಾಂತ ಆಟಗಾರನನ್ನು ತಂಡದಿಂದ ಹೊರಗಿಟ್ಟೆ. ಜನ ಬರುತ್ತಿದ್ದುದೇ ಅವನನ್ನು ನೋಡಲು. ಮಾಲೀಕರು ಕರೆಸಿ, "ಗೋಲು ಹೊಡೆಯಲು ಒಂದೇ ಕಾಲು ಸಾಕಲ್ಲವೇ?" ಎಂದರು.

ಸಾಲದು. ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪ ಸೀರೆ ನೇಯುತ್ತಿದ್ದ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅಲ್ಲಿನ ಹಲಗೆಗಳನ್ನು ಒಮ್ಮೆ ಎಡಗಾಲಲ್ಲಿ, ಒಮ್ಮೆ ಬಲಗಾಲಲ್ಲಿ ತುಳಿಯಬೇಕು. ಒಂದು ಕಾಲು ಸೋಮಾರಿಯಾದರೆ ಸೀರೆ ಕೆಡುತ್ತಿತ್ತು. ನಾನು ಮೈದಾನಕ್ಕೆ ಓಡಬಾರದೆಂದು ಅಪ್ಪ ನನ್ನನ್ನು ಆ ಕುಣಿಯಲ್ಲಿ ಕೂರಿಸುತ್ತಿದ್ದ. "ಈ ಕಾಲು ಮಗ್ಗಕ್ಕ ಅದಾವಲೇ, ಚೆಂಡಿಗಲ್ಲ" ಎನ್ನುತ್ತಿದ್ದ. ಅಲ್ಲಿಯೇ ನನ್ನ ಎರಡೂ ಕಾಲು ಪಳಗಿದವು. ಮುಂದೆ ಫುಟ್‌ಬಾಲ್ ಆಟಗಾರನಾದ ಮೇಲೆ, ಆಟ ನಿಲ್ಲಿಸುವವರೆಗೂ ನಾನು ಯಾವ ಕಡೆ ತಿರುಗುತ್ತೇನೆಂದು ಎದುರಾಳಿಗಳಿಗೆ ತಿಳಿಯಲಿಲ್ಲ.

ಇದನ್ನೆಲ್ಲ ಮಾಲೀಕರಿಗೆ ಬಿಡಿಸಿ ಹೇಳುವ ಗರಜು ನನಗಿರಲಿಲ್ಲ. "ಎಡಗಾಲು ಕಲಿಯಲಿ, ಆಮೇಲೆ ಆಡಲಿ" ಎಂದೆ.

"ನಾಳೆಯ ಪಂದ್ಯದಲ್ಲಿ ಅವನು ಆಡದಿದ್ದರೆ ನೀವು ಊರಿಗೆ ಹೊರಡಬಹುದು" ಎಂದರು.

ಊರಿನ ಹೆಸರು ಹೇಳಿ ಹೆದರಿಸುತ್ತಾರೆ. ಸಂಜೆ ಅಪ್ಪನಿಗೆ ಫೋನ್ ಮಾಡಿ, ಕೆಲಸ ಹೋಗಬಹುದು ಎಂದೆ.

"ಬಂದ್ರ ಬಾ. ಮಗ್ಗ ಖಾಲಿ ಐತಿ" ಎಂದ.

ಮರುದಿನ ಆ ಆಟಗಾರನನ್ನು ಮಾಲೀಕರ ಕಣ್ಣೆದುರಿಗೇ ಬೆಂಚಿನ ಮೇಲೆ ಕೂರಿಸಿದೆ.