ಚಾಲೂ ಗಾಡಿ ಬಿಟ್ಟು ಇಳೀಬಾರ್ದು

ನಮ್ಮ ಮನಿಯವ್ರು ರಾಯಚೂರು-ದೇವದುರ್ಗ ಬಸ್ ಹೊಡದಾ ಮುದುಕರಾದವ್ರು. ಮಂದಿ ಅವ್ರಿಗೆ ತಾಯಣ್ಣ ಡ್ರೈವರ್ ಅಂತಾರ. ರಿಟೈರ್ ಆಗಿ ನಮ್ಮೂರು ಮಾನವಿಗೆ ಬಂದ ಮ್ಯಾಲೆ ಕೈ ಸುಮ್ನ ಕೂಡಲಿಲ್ಲ. ಒಂದು ಕಂಪ್ಯೂಟರ್ ತಂದ್ರು. ಒಂದಾ ಬೆರಳಿಲೆ ಟಕ್ ಟಕ್ ಕುಟ್ಟಿ ಓಣಿ ಮಂದಿಗೆಲ್ಲ ಲಗ್ನಪತ್ರಿಕಿ ಮಾಡಿಕೊಡ್ತಾರ.

ಅವ್ರದೊಂದು ಹಟ ಅದ. ಚಾಲೂ ಗಾಡಿ ಬಿಟ್ಟು ಡ್ರೈವರ್ ಇಳೀಬಾರ್ದು. ಹಿಂದ ಯಾರೋ ಒಬ್ಬ ಇಂಜಿನ್ ಬಂದ್ ಮಾಡದಾ ಚಾ ಕುಡ್ಯಾಕ ಇಳದಾಗ ಬಸ್ ತಾನಾ ಉರುಳಿ ಬಾಳಿಹಣ್ಣಿನ ಬಂಡಿ ಕೆಡವಿತ್ತಂತ. ಅವತ್ತಿಂದ ನಾ ಮಿಕ್ಸಿ ಚಾಲೂ ಇಟ್ಟು ಉಪ್ಪಿಗೆ ತಿರುಗಿದ್ರೂ ಬೈಗಳ. ಡ್ರೈವರ್ ಸೀಟನ್ನಂತೂ ಒಡಹುಟ್ಟಿದ ತಮ್ಮಗೂ ಬಿಟ್ಟುಕೊಟ್ಟವ್ರಲ್ಲ. ಕಂಪ್ಯೂಟರ್ ಕುರ್ಚಿನೂ ಹಂಗಾ. ಒಮ್ಮಿ ಅದರ ಮ್ಯಾಲೆ ಕುಂತು ಮೆಂತೆಪಲ್ಲೆ ಸೋಸಿದ್ದಕ್ಕ ನನ್ನ ಜೋಡಿ ಮಾತಾ ಬಿಟ್ಟಿದ್ರು.

ಬಾಜೂಮನಿ ಹಫೀಜ್‌ಭಾಯಿ ಇವ್ರ ಬಸ್ಸಿಗೇ ಕಂಡಕ್ಟರ್ ಇದ್ದವ್ರು. ಅವ್ರ ಮಗಳು ಜೋಯಾನ ನಿಕಾಹ್ ಗೊತ್ತಾತು. ನಮ್ಮವ್ರು, "ಪತ್ರಿಕಿ ನಾ ಮಾಡ್ತೀನಿ, ಅದಾ ಲಗ್ನಕ್ಕ ನನ್ನ ಆಯೇರಿ" ಅಂದ್ರು. ಕುಂತು ಕುಂತು ಹೂಬಳ್ಳಿ ಹಾಕಿ ಚಂದ ಮಾಡಿದ್ರು. ರಾಯಚೂರಿನ ಪ್ರೆಸ್ಸಿನವ್ರು ನಾಳೆ ಸಂಜಿಯೊಳಗ ಕಳಸ್ರಿ, ಇಲ್ಲಂದ್ರ ಲಗ್ನಕ್ಕ ಮುಟ್ಟಂಗಿಲ್ಲ ಅಂದಿದ್ರು. ಮರುದಿನ ಮುಂಜಾನಿ ಕಂಪ್ಯೂಟರ್ ತೆಗದ್ರ ಅಪ್‌ಡೇಟ್ ನಡದದ, ಬಂದ್ ಮಾಡಬ್ಯಾಡ್ರಿ ಅಂತ ಚಕ್ರ ತಿರಗಾಕತ್ತದ. ಪತ್ರಿಕಿ ನೋಡಿದ್ರ ಅದರ ಹೊಟ್ಟ್ಯಾಗ.

ಅರ್ಧ ಆಗ್ತದ, ಮತ್ತ ಮೊದಲಿಗೆ ವಾಪಸ್ ಬರ್ತದ. ಮಧ್ಯಾಹ್ನದ ತನಕ ಇದಾ ಕತಿ. ಇವ್ರ ಮುಖ ಬಾಡಿ ಹೋತು. "ಹಫೀಜಗ ಏನ್ ಹೇಳ್ಲಿ" ಅಂದ್ರು.

ಒಲಿ ಕೆಲಸ ಮುಗಿಸಿ, ಅಕ್ಕಿ ಆರಸಾಕ ಅವ್ರ ಹತ್ರಾ ಬಂದು ಕುಂತೆ. ಇವ್ರು ನೀರು ಕುಡ್ಯಾಕ ಎದ್ರು. ಎದ್ದವ್ರ ಕೈ ಸೀದಾ ಗೋಡಿಗೆ ಹೋತು, ಸ್ವಿಚ್ ಬಂದ್.

"ಏನ್ರೀ ಮಾಡಿದ್ರಿ?"

"ಏನ್ ಮಾಡ್ದೆ? ನೀರು ಕುಡ್ಯಾಕತ್ತೀನಿ."

"ಚಾಕ್ಕ ಎದ್ರೂ ಬಂದ್, ಹಿತ್ತಲಕ್ಕ ಎದ್ರೂ ಬಂದ್. ಪಾಪ, ಅದು ದೇವದುರ್ಗ ಮುಟ್ಟದಾ ಅರಕೇರಾ ತನಕ ಹೋಗಿ ಹೋಗಿ ವಾಪಸ್ ಬರಾಕತ್ತದ. ರೋಗ ಅದಕ್ಕಿಲ್ಲ, ನಿಮ್ಮ ಕೈಗದ."

ತಂಬಗಿ ಹಿಡದು ಸ್ವಿಚ್ಚಾ ನೋಡ್ಕೋತ ನಿಂತ್ರು. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ನೋಡ್ರಿ. "ಚಾಲೂ ಬಿಟ್ಟು ಮಾತ್ರ ನಾ ಏಳಂಗಿಲ್ಲ" ಅಂದ್ರು.

"ಏಳಬ್ಯಾಡ್ರಿ. ಕುಂತಾ ಇರ್ರಿ."

ಮತ್ತ ಚಾಲೂ ಮಾಡಿ ಗಟ್ಟಿ ಕುಂತ್ರು. ರೊಟ್ಟಿನೂ ಅಲ್ಲೇ ತಿಂದ್ರು. ಸುದ್ದಿ ಕೇಳಿ ಹಫೀಜ್‌ಭಾಯಿ ಬಂದು ಬಾಗಲದಾಗ ನಿಂತ್ರು. ಇವ್ರು ಸ್ವಲ್ಪ ಅಲಗಾಡಿದ್ರ ಸಾಕು, "ಹೋಲ್ಡಾನ್, ಡ್ರೈವರ್ ಸಾಬ್, ಸ್ಟಾಪ್ ಬಂದಿಲ್ಲ" ಅನ್ನವ್ರು. ನಾ ನಕ್ಕು ನಕ್ಕು ಅಕ್ಕಿ ಚೆಲ್ಲಿದೆ.

ಅಪ್‌ಡೇಟ್ ನೂರಕ್ಕ ತೊಂಬತ್ತರ ತನಕ ಬಂತು. ಇವ್ರಿಗೆ ಸಕ್ಕರಿ ಕಾಯಿಲೆ, ಎಷ್ಟೊತ್ತು ತಡಕೊಂಡಾರು? ಕಾಲ ಮ್ಯಾಲೆ ಕಾಲು ಹಾಕಿದ್ರು, ತೆಗದ್ರು.

"ಹಫೀಜ, ನೀ ಕೂಡೋ ಸ್ವಲ್ಪ."

"ತೋಬಾ ತೋಬಾ. ಕಂಡಕ್ಟರ್ ಡ್ರೈವರ್ ಸೀಟಿಗೆ ಕೂಡಬಾರ್ದು. ನೀವಾ ಕಲ್ಸಿದ್ದು."

ಆಗ ನನ್ನ ಕಡಿ ನೋಡಿದ್ರು. "ಶಶಿಕಲಾ, ಬಾ ಇಲ್ಲಿ. ನೀ ಕೂಡು. ಏನಾದ್ರೂ ಏಳಬ್ಯಾಡ."

ಅಷ್ಟಂದು ಹಿತ್ತಲಕ್ಕ ಓಡಿದ್ರು. ಗೋಡಿ ಕಡಿ ಕೈ ಹೋಗಲಿಲ್ಲ. ನಾ ಸೆರಗು ಸರಿ ಮಾಡ್ಕೊಂಡು ಕುಂತೆ. ಅವ್ರು ಬರೂದ್ರೊಳಗ ಚಕ್ರ ನಿಂತು ಕಂಪ್ಯೂಟರ್ ಪರದಿ ಬೆಳಕಾತು. ಜೋಯಾನ ಪತ್ರಿಕಿ ಹೂಬಳ್ಳಿ ಸಮೇತ ಹಂಗಾ ಇತ್ತು.

ಏಳಾಕ ಹೋದೆ. ಬಂದವ್ರು ಹೆಗಲ ಮ್ಯಾಲೆ ಕೈ ಇಟ್ಟು ಕುಂದರಿಸಿದ್ರು. "ಇಲ್ಲೀತನ ತಂದಾಕಿ ನೀನು. ಪ್ರೆಸ್ಸಿಗೆ ನೀನಾ ಕಳಸು" ಅಂದು, ಒತ್ತೋದು ಎಲ್ಲಂತ ತೋರಿಸಿದ್ರು.

ಹಫೀಜ್‌ಭಾಯಿ ಬಾಗಲಾ ಬಡದು "ರೈಟ್, ರೈಟ್" ಅಂದ್ರು. ನಾ ಒತ್ತಿದೆ.