ನೀಲಕ್ಕನ ಬಲಗೈ ಸೌಟು

ಬಫೆ ಊಟ ಅಂದ್ರೆ ನನಗೆ ಇವತ್ತಿಗೂ ಮೈ ಉರಿಯುತ್ತೆ. ತಟ್ಟೆ ಹಿಡ್ಕೊಂಡು ಕ್ಯೂ ನಿಂತು, ನಮಗೆ ನಾವೇ ಹಾಕ್ಕೊಂಡು, ಮೂಲೆ ಹುಡುಕಿ ತಿನ್ನೋದು ಒಂದು ಊಟಾನಾ? ಈ ಸಿಡುಕು ನನಗೆ ಅಂಟಿಸಿದ್ದು ಅಮೆರಿಕದ ಕ್ಯಾರಿ ಊರಲ್ಲಿದ್ದ ನೀಲಗಂಗಾ. ನಮ್ಮೆಲ್ಲರ ಬಾಯಲ್ಲಿ ನೀಲಕ್ಕ.

ಬಾಗಲಕೋಟೆ ಕಡೆಯವರು. ಗಂಡ ದಾನಪ್ಪನವರು ಎಂಜಿನಿಯರ್. ತೊಂಬತ್ತೈದರಲ್ಲಿ ನಾನು ಮೈಸೂರಿಂದ ಬಂದಿಳಿದಾಗ ನನಗೆ ಕಾರಿಲ್ಲ, ಅಡುಗೆ ಬರಲ್ಲ. ನನ್ನಂಥೋರು ಇನ್ನೂ ನಾಲ್ಕೈದು ಜನ ಇದ್ವಿ. ಶನಿವಾರ ಬಂತೆಂದ್ರೆ ದಾನಪ್ಪನವರು ನಮ್ಮನ್ನ ವ್ಯಾನಲ್ಲಿ ತುಂಬ್ಕೊಂಡು ಮನೆಗೆ ಕರ್ಕೊಂಡು ಹೋಗೋರು. ಕಾರ್ಪೆಟ್ ಮೇಲೆ ಬೆಡ್‌ಶೀಟ್ ಹಾಸಿ ಸಾಲಾಗಿ ಕೂತ್ಕೋತಿದ್ವಿ. ನೀಲಕ್ಕ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಾನೇ ಬಡಿಸಬೇಕು. ಸಾಕು ಅಂತ ಕೈ ಅಡ್ಡ ಹಿಡಿದ್ರೆ ಬೆರಳಸಂದಿಯಲ್ಲೇ ಝುಣಕ ಬೀಳೋದು.

"ಸುಮ್ನ ಉಣ್ಣೋ ತಮ್ಮಾ, ಮಾರಿ ನೋಡು ಹೆಂಗ ಬತ್ತೇತಿ!"

ಆಗ ನಾನು ಒಳ್ಳೆ ಕುಂಬಳಕಾಯಿ ಥರ ಇದ್ದೆ.

ತೊಂಬತ್ತಾರರ ಜನವರಿಯಲ್ಲಿ ಡ್ರೈವ್‌ವೇ ಮೇಲೆ ಐಸ್ ಕಟ್ಟಿತ್ತು. ನೀಲಕ್ಕ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡ್ರು. ಮೂಳೆ ಕೂಡ್ತು, ಆದರೆ ಬೆರಳು ಪೂರ್ತಿ ಮಡಚಲಿಲ್ಲ. ಸೌಟು ಹಿಡಿದ್ರೆ ಜಾರಿ ಬೀಳೋದು. ಹಿಟ್ಟು ನಾದೋ ಕೆಲಸ ದಾನಪ್ಪನವರಿಗೆ ಬಂತು, ಒಲೆ ಮುಂದೆ ನೀಲಕ್ಕ ಎಡಗೈಯಲ್ಲೇ ತಿರುವೋರು. ಬಡಿಸೋದು ಮಾತ್ರ ನಿಂತುಹೋಯ್ತು. ನಾವೇ ಹಾಕ್ಕೊಂಡು ತಿಂತಿದ್ವಿ. ಆಕೆ ಬಲಗೈ ಸೆರಗಲ್ಲಿ ಮುಚ್ಕೊಂಡು ಬಾಗಿಲ ಹತ್ರ ನಿಂತಿರೋರು.

"ಎಡಗೈಲೆ ನೀಡು, ಯಾರೇನಂತಾರ?" ಅಂದ್ರು ದಾನಪ್ಪನವರು.

"ಎಡಗೈಲೆ ನೀಡಿದ್ರ ನಾಯಿಗಿ ಹಾಕಿದಂಗ ಅಕ್ಕೈತ್ರಿ."

ನನಗೆ ತಡೀಲಿಲ್ಲ. "ಇದೆಂಥ ಹಠ ಅಕ್ಕಾ ನಿಮ್ದು!" ಅಂದುಬಿಟ್ಟೆ.

ನೀಲಕ್ಕನ ಕಣ್ಣು ತುಂಬಿದ್ವು. "ಹಠ ಅಲ್ಲೋ ತಮ್ಮಾ. ಈ ದೇಶದಾಗ ನನಗೇನ್ ಬರ್ತೈತಿ ಹೇಳು? ಕಾರ್ ನಡಸಾಕ ಬರಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ. ನಾಕು ಮಂದಿಗೆ ಪ್ರೀತಿಲೆ ನೀಡೋದೊಂದು ಬರ್ತಿತ್ತು. ಅದೂ ಹೋತು."

ಪಕ್ಕದ ಮನೆಯಲ್ಲಿ ಕುವಾಬಾರಾ ಅಂತ ಜಪಾನಿನ ಅಜ್ಜ, ಮಗಳ ಜೊತೆ ಇದ್ದರು. ಅವರಿಗೂ ನೀಲಕ್ಕನಿಗೂ ಭಾಷೆ ಇಲ್ಲದ ಸ್ನೇಹ. ಬೇಲಿ ಆಚೆಯಿಂದ ಸೌತೆಕಾಯಿ ಬಂದರೆ ಈಚೆಯಿಂದ ಮೆಂತ್ಯಸೊಪ್ಪು ಹೋಗೋದು. ಅಜ್ಜ ಗರಾಜಿನಲ್ಲಿ ಕೂತು ಮರ ಕೆತ್ತುತ್ತಿದ್ದರು. ನೀಲಕ್ಕ ಎಡಗೈಯಲ್ಲೇ ಗಿಡಕ್ಕೆ ನೀರು ಹಾಕೋದು ನೋಡಿ, ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಸೌಟೊಂದನ್ನ ತಂದುಕೊಟ್ಟರು. ಚೆರ್ರಿ ಮರದ್ದು. ಒಂದು ಅಂಚು ಓರೆಯಾಗಿ ಕೆತ್ತಿದ್ರಿಂದ ಬಾಣಲೆ ತಳ ಪೂರ್ತಿ ಕೆರೆಯೋದು. ಹೊಟ್ಟೆ ಆಳ ಇದ್ದಿದ್ದರಿಂದ ಬಡಿಸೋಕೂ ಆಗೋದು. ಎಂಥಾ ನುಣುಪು ಅಂತೀರಿ! ಆದರೆ ಆ ಓರೆ ಎಡಗೈಯವರಿಗೆ ಅಂತಲೇ ಮಾಡಿದ್ದು.

ಮುಂದಿನ ಶನಿವಾರ ಅಜ್ಜನನ್ನೂ ಊಟಕ್ಕೆ ಕರೆದರು. ಅವರೋ ನಮಗಿಂತ ಸಲೀಸಾಗಿ ನೆಲದ ಮೇಲೆ ಕೂತರು. ನಾವು ಎದ್ದೆದ್ದು ಹಾಕ್ಕೊಳ್ಳೋದು ನೋಡಿದರು. ತಾವು ಕೊಟ್ಟ ಸೌಟು ಒಲೆ ಪಕ್ಕದಲ್ಲೇ ಬಿದ್ದಿತ್ತು. ಅಜ್ಜನ ಮುಖ ಸಣ್ಣಗಾಯ್ತು.

"ನಾಟ್ ಗುಡ್?"

ದಾನಪ್ಪನವರು ತಡವರಿಸಿದರು. ನೀಲಕ್ಕನೇ ಮುಂದೆ ಬಂದು ಸೌಟನ್ನ ಕಣ್ಣಿಗೆ ಒತ್ಕೊಂಡರು. ಆಮೇಲೆ ಎಡಗೈ ತೋರಿಸಿ, ಅವರ ತಟ್ಟೆ ತೋರಿಸಿ, ಬೇಡ ಅಂತ ತಲೆ ಆಡಿಸಿದರು. ಬಲಗೈ ಚಾಚಿ, ಮಡಚದ ಬೆರಳು ತೋರಿಸಿದರು. ನಮಗೆ ದಿಗಿಲು, ಉಡುಗೊರೆಗೆ ಅವಮಾನ ಆಯ್ತೇನೋ ಅಂತ.

ಅಜ್ಜ ಜೋರಾಗಿ ನಕ್ಕುಬಿಟ್ಟರು! ತಮ್ಮ ಎಡಗೈ ಮೇಲೆ ಪಟಪಟ ಹೊಡ್ಕೊಂಡು, "ಮೈ ಮದರ್! ಎವ್ರಿ ಡೇ!" ಅಂದರು. ಅವರು ಎಡಚರಂತೆ. ಚಿಕ್ಕವರಿದ್ದಾಗ ಎಡಗೈಯಲ್ಲಿ ಉಂಡರೆ ಅವರಮ್ಮ ಹೊಡೀತಿದ್ದರಂತೆ.

ಎದ್ದವರೇ ಸೀದಾ ಅಡುಗೆಮನೆಗೆ ನಡೆದರು. ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟಿತ್ತು. ಒಂದು ಮುದ್ದೆ ಮುರಿದು, ಉದ್ದಕ್ಕೆ ಹೊಸೆದು, ನೀಲಕ್ಕನ ಬಲ ಅಂಗೈಲಿಟ್ಟು ಹಿಡೀರಿ ಅಂತ ಸನ್ನೆ ಮಾಡಿದರು.

"ಅಯ್ಯ ಶಿವನ, ಊರಿಂದ ತಂದ ಹಿಟ್ಟ್ರಿ ಅದು!" ಅಂತ ಬೈತಾನೇ ನೀಲಕ್ಕ ಹಿಡಿದರು. ಬೆರಳು ಎಷ್ಟು ಮಡಚಿದ್ವೋ ಅಷ್ಟೇ ಗುರುತು ಹಿಟ್ಟಲ್ಲಿ ಮೂಡಿತು. ಅಜ್ಜ ಅದನ್ನ ತಟ್ಟೆಯಲ್ಲಿಟ್ಕೊಂಡು, ಊಟ ಅರ್ಧಕ್ಕೇ ಬಿಟ್ಟು ಗರಾಜಿಗೆ ಹೋದರು.

ಎರಡನೇ ಸೌಟು ಬಂದಿದ್ದು ತಿಂಗಳು ಕಳೆದ ಮೇಲೆ. ಓರೆ ಈ ಸಲ ಬಲಗೈಗೆ. ಹಿಡಿ ದಪ್ಪ, ಒಂದೊಂದು ಬೆರಳಿಗೂ ಅದರದೇ ತಗ್ಗು. ಮುಷ್ಟಿ ಕಟ್ಟೋದೇ ಬೇಡ, ಕೈ ಇಟ್ಟರೆ ಸೌಟು ಅಲ್ಲೇ ಕೂತ್ಕೊಳ್ಳೋದು.

ಆ ಶನಿವಾರ ನೀಲಕ್ಕ ಹೊಸ ಸೌಟು ಹಿಡ್ಕೊಂಡು ಮೊದಲು ಅಜ್ಜನ ಮುಂದೆ ಬಗ್ಗಿದರು. ಬೆಡ್‌ಶೀಟ್ ಮೇಲೂ ಚೂರು ಝುಣಕ ಬಿತ್ತು. ನಾವು ಹೇಳಿಕೊಟ್ಟಿದ್ದಂತೆ ಅಜ್ಜ "ಸಾಕು, ಸಾಕು" ಅಂತ ತಟ್ಟೆಗೆ ಕೈ ಅಡ್ಡ ಹಿಡಿದರು. ಅವರ ಬೆರಳಸಂದಿಯಲ್ಲೇ ಝುಣಕ ಬಿತ್ತು.

"ಸುಮ್ನ ಉಣ್ರಿ ಅಜ್ಜಾರ! ನಿಮ್ಮ ಕೈ ತಣ್ಣಗಿರ್ಲಿ" ಅಂದರು ನೀಲಕ್ಕ, ಅಳ್ತಾ, ನಗ್ತಾ.

ಆಮೇಲೆ ನನ್ನ ಸರದಿ ಬಂತು. ನಾನು ಸಾಕು ಅನ್ನಲಿಲ್ಲ.