ಕಿವಿಯ ಹಿಂದಿನ ಅಬ್ಬಲಿಗೆ

ನಾನು ನಿಂತಿದ್ದು ಅಡುಗೆಮನೆಯ ಹೊಸ್ತಿಲಿನ ಒಳಗೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು. ಪಡಸಾಲೆಯ ಗಡಿಯಾರ ಆಗಷ್ಟೇ ಮಧ್ಯಾಹ್ನ ಒಂದೂವರೆಯ ಪೆಟ್ಟು ಹೊಡೆದಿತ್ತು. ಅಜ್ಜಿ ನನ್ನಿಂದ ಒಂದು ಮಾರು ದೂರದಲ್ಲಿ ಮಣೆಯ ಮೇಲೆ ಕೂತಿದ್ದಳು. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಆಮೇಲೆ ಈ ಸಂಗತಿಯನ್ನು ಹೇಳುತ್ತ ಬಂದವರೆಲ್ಲ ತಾವೂ ಅಲ್ಲೇ ಇದ್ದೆವು ಅನ್ನುತ್ತಾರೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಧಾರವಾಡದ ಕಡೆಯಿಂದ ಗೋವೆಯ ಫೋಂಡಾಕ್ಕೆ ಬಂದು ನೆಲೆಸಿದ ನಮ್ಮಂಥ ಮನೆಗಳಲ್ಲಿ ಕಾರ್ಯವಿದ್ದರೆ ಮುಂಜಾನೆಯಿಂದಲೇ ಹೂರಣದ ವಾಸನೆ ರಸ್ತೆಯ ತನಕ ಹೋಗುತ್ತಿತ್ತು. ಹುಡುಗಿಯರು ನಾವು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತ, ಆಟದ ನಡುವೆ ಓಡಿಹೋಗಿ ಬಿಸಿ ಹೂರಣದ ಉಂಡೆ ಬೇಡಿ ತಿನ್ನುತ್ತಿದ್ದೆವು. ಆ ದಿನ ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕಿದ್ದರು. ನನಗೆ ಒಂಬತ್ತು ವರ್ಷ.

ಅಪ್ಪ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿಯ ಫಿಟರ್ ಬಾಸ್ತಿಯಾಂವ್ ರಜೆಯ ದಿನಗಳಲ್ಲಿ ಮದುವೆಗಳಿಗೆ ಹೋಗಿ ಜಾದೂ ಮಾಡುತ್ತಿದ್ದ. ಅವನಿಗೆ ವೇದಿಕೆ, ಪರದೆ ಏನೂ ಬೇಡ. ಮೇಜಿಂದ ಮೇಜಿಗೆ ಹೋಗಿ, ಕೂತವರ ಮೂಗಿನ ಕೆಳಗೇ ನಾಣ್ಯ, ಇಸ್ಪೀಟಿನ ಎಲೆ ಮಾಯ ಮಾಡುತ್ತಿದ್ದ. ಅದನ್ನು ಒಂದು ಮದುವೆಯಲ್ಲಿ ಕಂಡಿದ್ದ ಅಪ್ಪ ನಮ್ಮ ಕಾರ್ಯಕ್ಕೂ ಅವನನ್ನು ಗೊತ್ತುಮಾಡಿದ. ಬಂದವರಿಗೆ ಮನರಂಜನೆ ಎಂದು ಎಲ್ಲರಿಗೂ ಹೇಳಿದ್ದ. ಅಮ್ಮನಿಗೆ ಮಾತ್ರ ಬೇರೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. "ನಮ್ಮವ್ವ ಒಂದ್ಸಲ ನಕ್ರ ಸಾಕು."

ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಮೊದಲು ಅಜ್ಜಿ ನಗಲು ಶುರುಮಾಡಿದರೆ ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುವ ತನಕ ನಿಲ್ಲುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಅವಳು ಒಮ್ಮೆಯೂ ನಕ್ಕಿರಲಿಲ್ಲ. ಹೂವು, ಕುಂಕುಮ ಬಿಟ್ಟಿದ್ದಳು. ಕಾರ್ಯವಿದ್ದ ದಿನ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ.

ಅಪ್ಪ ಒಂದು ಸಂಗತಿ ಮರೆತಿದ್ದ. ನಮ್ಮಲ್ಲಿ ಮೇಜುಗಳಿರಲಿಲ್ಲ. ಕರಿಕೋಟು ತೊಟ್ಟು, ಮುಖಕ್ಕೆ ಪೌಡರು ಹಚ್ಚಿಕೊಂಡು ಬಾಸ್ತಿಯಾಂವ್ ಬಂದಾಗ ಜನ ಎರಡು ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅವನು ಮೊದಲಿಗೆ ಅಪ್ಪನ ಅಕ್ಕ ಸರೋಜತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯಂತೆ ಹರವಿ ಹಿಡಿದ. ಅತ್ತೆ ಬಲಗೈ ಎತ್ತಿ ತೋರಿಸಿದಳು.

"ಕೈ ಎಂಜಲ ಆಗೇದಪಾ."

ಅವನು ಎಡಗೈ ಕಡೆ ಸನ್ನೆ ಮಾಡಿದ.

"ಎಡಗೈಲೆ ಯಾರರ ಇಸ್ಕೋತಾರೇನು?"

ಮುಂದಿನ ಬಾಳೆಲೆಯವರಿಗೆ ಎಂಟಾಣೆ ನಾಣ್ಯ ಹಿಡಿದ. ಲಕ್ಷ್ಮಿಯನ್ನು ಎಂಜಲಗೈಯಲ್ಲಿ ಮುಟ್ಟುವುದುಂಟೇ ಎಂದು ಅವರೂ ಕೈ ಹಿಂದೆಳೆದರು. ಪಂಕ್ತಿಯ ಕೊನೆಯವರೆಗೂ ಹೀಗೇ ಆಯಿತು. ಬಾಗಿ ಏಳುವಾಗ ಅವನ ಕೋಟಿನ ತುದಿ ಒಬ್ಬರ ಸಾರಿನಲ್ಲಿ ಅದ್ದಿತು. ಜನ ಜಾದೂ ಬಿಟ್ಟು ಜಾದೂಗಾರನನ್ನು ನೋಡಿ ನಗತೊಡಗಿದರು. ಅಪ್ಪನ ಮುಖ ಸಣ್ಣದಾಯಿತು.

ಯಾರ ಕೈ ಸ್ವಚ್ಛ ಇದೆ ಎಂದು ಬಾಸ್ತಿಯಾಂವ್ ಕೊಂಕಣಿಯಲ್ಲಿ ಕೇಳಿದ. ಅಪ್ಪ ಉತ್ತರ ಹುಡುಕುವ ಮೊದಲೇ ನಾನು ಅಡುಗೆಮನೆಯ ಕಡೆ ಕೈತೋರಿಸಿದೆ.

"ನಮ್ಮ ಅಜ್ಜಿದು."

ಹೇಳಿ ನಾನೇ ಮೊದಲು ಒಳಗೆ ಓಡಿದೆ. ಅವನು ಟೊಪ್ಪಿಗೆ ತೆಗೆದು ಹೊಸ್ತಿಲು ದಾಟಿ ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತ. ಅವಳ ಅಂಗೈಯಲ್ಲಿ ನಾಣ್ಯವಿಟ್ಟು, ಬೆರಳು ಮಡಚಿಸಿ, ಮುಷ್ಟಿಗೆ ಊದಿದ. ಅಜ್ಜಿ ಕೈ ಬಿಚ್ಚಿದಳು. ನಾಣ್ಯ ಇರಲಿಲ್ಲ. ಅವಳು ಕೈಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿಕೊಂಡಳು. ಆಗ ಅವನ ಬಲಗೈ ಅವಳ ಎಡಗಿವಿಯ ಹಿಂದೆ ಹೋಗಿ, ಗೇಣುದ್ದದ ಅಬ್ಬಲಿಗೆ ಮಾಲೆಯೊಂದಿಗೆ ಹೊರಗೆ ಬಂತು. ನಾನು ರೆಪ್ಪೆ ಬಡಿದಿರಲಿಲ್ಲ.

ಮುತ್ತೈದೆಯರಿಗೆಂದು ತಂದ ಮಾಲೆಗಳ ಬುಟ್ಟಿ ಪಡಸಾಲೆಯ ಕಿಟಕಿಯಲ್ಲಿತ್ತು. ಬರುವಾಗ ಅಲ್ಲಿಂದಲೇ ಎತ್ತಿರಬೇಕು. ಅದು ಈಗ ಹೊಳೆಯುವ ಮಾತು. ಆಗ ನಾನು ಚೌಕಟ್ಟಿಗೆ ಇನ್ನಷ್ಟು ಒತ್ತಿಕೊಂಡೆ. ಅಜ್ಜಿಗೆ ಯಾರೂ ಹೂವು ಕೊಡುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಒಳಗೆ ಕಳಿಸಿದವಳು ನಾನೇ. ಬಾಗಿಲಲ್ಲಿ ಸರೋಜತ್ತೆ ಎಂಜಲಗೈ ಎತ್ತಿಕೊಂಡೇ ಎದ್ದು ಬಂದು ನಿಂತಿದ್ದಳು. ಪಕ್ಕದಲ್ಲಿ ತುಪ್ಪದ ತಂಬಿಗೆ ಹಿಡಿದ ಅಮ್ಮ, ಅವಳ ಹಿಂದೆ ಅಪ್ಪ. ಒಲೆಯ ಮೇಲಿನ ಸಾರು ಕುದಿಯುವುದು ಕೇಳುತ್ತಿತ್ತು.

ಅಜ್ಜಿ ಹೂವನ್ನು ಅವನ ಕೈಯಿಂದ ತೆಗೆದುಕೊಂಡು ನೋಡಿದಳು.

"ಇಷ್ಟ್ ವರ್ಷ ಅಲ್ಲೇ ಇತ್ತೇನೋ ಇದು? ನಮ್ಮ ಮನಿಯವರಿಗೆ ಒಂದಿನಾನೂ ಕಾಣಲಿಲ್ಲ ನೋಡು. ಪ್ಯಾಟಿಗೆ ಹೋದಾಗೆಲ್ಲಾ ಹೂವು ಮರತ ಬರತಿದ್ರು."

ಅಷ್ಟು ಹೇಳಿದವಳ ಹೊಟ್ಟೆ ಕುಲುಕತೊಡಗಿತು. ಸೆರಗು ಕಣ್ಣಿಗೆ ಹೋಯಿತು. ಸರೋಜತ್ತೆ ಚೌಕಟ್ಟು ಹಿಡಿದು ನಕ್ಕಳು, ಎಂಜಲಗೈ ಅನ್ನುವುದನ್ನೂ ಮರೆತು. ಕನ್ನಡ ಅರ್ಥವಾಗದ ಬಾಸ್ತಿಯಾಂವ್ ಎಲ್ಲರಿಗಿಂತ ಜೋರಾಗಿ ನಕ್ಕ. ಅಪ್ಪ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಇನ್ನೊಮ್ಮಿ ತಗಿಯಪಾ, ಈ ಸಲ ಆ ಕಡೆ ಕಿವಿ ನೋಡು" ಎಂದು ಅಜ್ಜಿ ಬಲಗಿವಿ ಮುಟ್ಟಿ ತೋರಿಸಿದಳು. ಆ ಕಿವಿಯಿಂದ ಒಂದು ಪೆಪ್ಪರಮೆಂಟು ಬಂತು. ಅದನ್ನು ನನಗೆ ಕೊಟ್ಟಳು. ಹೂವನ್ನು ಮುಡಿಯಲಿಲ್ಲ. ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ, ಎರಡು ಪಂಕ್ತಿಗಳ ನಡುವೆ ನಡೆದುಹೋಗಿ ಅದನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. ಸರೋಜತ್ತೆ ಕೈ ತೊಳೆದು ಬಂದು ತೊಟ್ಟಿಲು ತೂಗುವ ದಾರವನ್ನು ಅವಳ ಕೈಗೆ ಕೊಟ್ಟಳು.

ಬಾಸ್ತಿಯಾಂವ್ ಕೋಟು ಕಳಚಿ ಕೂತು ಐದು ಹೋಳಿಗೆ ತಿಂದ. ಮುಂದೆ ಫೋಂಡಾದ ನಮ್ಮ ಕಡೆಯ ಮನೆಗಳೆಲ್ಲ ಅವನನ್ನು ಕರೆಸತೊಡಗಿದವು. ಎಲ್ಲರೂ ಕೈ ತೊಳೆದ ಮೇಲೆ ಬಾ ಅನ್ನುತ್ತಿದ್ದರು.

ಈಗ ನಮ್ಮ ಕಾರ್ಯಗಳೂ ಸಭಾಗೃಹದಲ್ಲಿ ಆಗುತ್ತವೆ. ಮೇಜುಗಳಿವೆ, ಚಮಚೆಗಳಿವೆ. ಕರೆಸಿದ ಜಾದೂಗಾರ ಎಲ್ಲರ ಹತ್ತಿರವೂ ಹೋಗುತ್ತಾನೆ, ಎಲ್ಲರ ಕೈಯೂ ಸ್ವಚ್ಛವಾಗಿರುತ್ತದೆ. ಒಳಗೆ ಯಾರು ಕೂತಿದ್ದಾರೆಂದು ಅವನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಜ್ಜಿಯ ಹಾಗೆ ನಕ್ಕವರನ್ನು ನಾನು ಮತ್ತೆ ಕಂಡಿಲ್ಲ.

ಅಜ್ಜಿ, ಅಪ್ಪ, ಬಾಸ್ತಿಯಾಂವ್ ಇಲ್ಲ. ಕಣ್ಣಾರೆ ಕಂಡವರಲ್ಲಿ ಈಗ ಇರುವವರು ಅಮ್ಮ, ನಾನು, ಧಾರವಾಡದಲ್ಲಿರುವ ಸರೋಜತ್ತೆ. ಹೂವು ಬಂದದ್ದು ಬಲಗಿವಿಯಿಂದ ಎಂದು ಅತ್ತೆ ಇಂದಿಗೂ ವಾದಿಸುತ್ತಾಳೆ. ತಮ್ಮ ತಾನೂ ಇದ್ದೆ ಅನ್ನುತ್ತಾನೆ. ಇದ್ದದ್ದು ಖರೆ, ಆದರೆ ಮಲಗಿದ್ದ.